ಗಾಂಧೀಜಿ ಕಳಚಿದ ಉಡುಪುಗಳು

ಮಹಾತ್ಮಾ ಗಾಂಧಿಯವರು ಮಂಗಳೂರಿಗೆ ಮೂರು ಸಲ ಬಂದರು. 1920ರ ಆಗಸ್ಟ್ 19ರಂದು ಮೌಲಾನಾ ಶೌಕತ್ ಅಲಿಯವರೊಡನೆ ಅಸಹಕಾರದ ಸಂದೇಶವನ್ನು ಹೊತ್ತು ಬಂದುದು ಮೊದಲನೆಯದು. 1927ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಖಾದಿಯ ಪ್ರವಾಸದಲ್ಲಿ ಬಂದುದು ಎರಡನೆಯದು. 1934ರ ಫೆಬ್ರವರಿಯಲ್ಲಿ ಹರಿಜನ ಸೇವೆಗಾಗಿ ಬಂದುದು ಕೊನೆಯದು. ಮೊದಲ ಭೇಟಿಯ ಕಾಲಕ್ಕೆ ಅವರ ಮೈಮೇಲೆ ಅಂಗಿಯಿತ್ತು, ತಲೆಯ ಮೇಲೆ ಬಿಳಿಯ ಟೊಪ್ಪಿಯಿತ್ತು, ಪಂಚೆಯು ಉದ್ದವಾಗಿತ್ತು. ಏಳು ವರ್ಷಗಳ ತರುವಾಯ ಬಂದ ಗಾಂಧೀಜಿಯ ಮೈಮೇಲೆ ಅಂಗಿಯಿಲ್ಲ, ತಲೆಯ ಮೇಲೆ ಟೊಪ್ಪಿಯಿಲ್ಲ. ಮೊಳಕಾಲನ್ನು ಮುಟ್ಟಿ ಮುಟ್ಟದಂತಿರುವ ತುಂಡು ಪಂಚೆಯೊಂದು, ಚಳಿಗೆ ಬೇಕಾದಾಗ ಹೊದೆಯುವುದಕ್ಕೊಂದು ಹೊದಿಕೆ. ನಮ್ಮ ಊರಿನ ಜನ ಒಬ್ಬನೇ ಮನುಷ್ಯನನ್ನು ಎರಡು ವೇಷಗಳಲ್ಲಿ ಕಂಡರು. ಈ ಎರಡು ವೇಷಗಳ ನಡುವೆ ನಡೆದುದೇನು ಎಂಬುದನ್ನು ಅರಿಯಬೇಕಾದರೆ ಅವರ ಜೀವನವನ್ನು ಮೊದಲಿನಿಂದಲೂ ಬಟ್ಟೆಯ ದಾರಿಯಲ್ಲಿಯೇ ನೋಡಬೇಕಾಗುತ್ತದೆ.

ನಾನು ಫಳ್ನೀರಿನಲ್ಲಿ ವಾಸಿಸುವವನು. ಹಿಂದೆ ಇಲ್ಲಿನ ಸಾಧಾರಣ ಮನೆಗಳಲ್ಲಿ ಇಡೀ ಸಂಸಾರದ ವಸ್ತ್ರಗಳಿಗೆ ಒಂದು ಮರದ ಪೆಟ್ಟಿಗೆ ಸಾಕಾಗುತ್ತಿತ್ತು. ಈಗ ಆಳಿಗೊಂದು ಕಪಾಟು ಇದ್ದರೂ ಬಾಗಿಲು ಮುಚ್ಚುವುದಿಲ್ಲ. ಮುಚ್ಚದ ಕಪಾಟನ್ನು ಹಗುರ ಮಾಡುವ ಮಾತು ಬಂದಾಗಲೆಲ್ಲ ಗಾಂಧೀಜಿಯ ಹೆಸರೂ ಬರುತ್ತದೆ. ಬಂದ ಕೂಡಲೇ ಅದನ್ನು ಕೈಮುಗಿದು ಬದಿಗಿಡುವುದೂ ನಡೆಯುತ್ತದೆ. ಅವರು ಸಂತರು, ನಾವು ಸಂಸಾರಿಗಳು ಎಂಬುದು ಎಲ್ಲರಿಗೂ ಒಪ್ಪಿಗೆಯಾದ ಸಮಾಧಾನ. ಆದರೆ ಅವರ ಬಾಳಿನ ಸಂಗತಿಗಳು ಈ ಸಮಾಧಾನಕ್ಕೆ ಎಡೆಗೊಡುವುದಿಲ್ಲ. ಅವರು ಒಂದು ದಿನ ವೈರಾಗ್ಯ ಬಂದು ಎಲ್ಲವನ್ನೂ ತೊರೆದವರಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿದ ಕಾಲದಲ್ಲಿ, ಒಂದೊಂದಾಗಿ, ಪ್ರತಿಯೊಂದಕ್ಕೂ ಒಂದು ಕಾರಣವನ್ನು ಕಂಡುಕೊಂಡು ಕಳಚಿದವರು. ಬಟ್ಟೆಯ ವಿಷಯದಲ್ಲಿ ಅವರಷ್ಟು ಆಸ್ಥೆ ವಹಿಸಿದವರು ಕಡಿಮೆ.

1869ರ ಅಕ್ಟೋಬರ್ 2ರಂದು ಪೋರಬಂದರಿನ ದಿವಾನರ ಮನೆತನದಲ್ಲಿ ಹುಟ್ಟಿದ ಮೋಹನದಾಸ, 1888ರ ಸೆಪ್ಟೆಂಬರಿನಲ್ಲಿ ಬ್ಯಾರಿಸ್ಟರ್ ಪದವಿಗಾಗಿ ಇಂಗ್ಲೆಂಡಿಗೆ ಹಡಗು ಹತ್ತಿದ. ಹಡಗಿನಿಂದಿಳಿಯುವಾಗ ಚೆಂದ ಕಾಣಬೇಕೆಂದು ಬಿಳಿಯ ಫ್ಲಾನೆಲ್ ಉಡುಪನ್ನು ತೆಗೆದಿಟ್ಟುಕೊಂಡಿದ್ದ. ದಡದ ಮೇಲೆ ನೋಡಿದರೆ ಆ ಋತುವಿನಲ್ಲಿ ಬಿಳಿಯ ಬಟ್ಟೆ ತೊಟ್ಟವನು ತಾನೊಬ್ಬನೇ! ಆ ನಾಚಿಕೆಯಿಂದಲೇ ಆತನ ಲಂಡನ್ ವಾಸ ಆರಂಭವಾಯಿತು. ತರುವಾಯ ಸಭ್ಯ ಗೃಹಸ್ಥನಾಗುವ ಹಂಬಲ ಹಿಡಿಯಿತು. 19 ಷಿಲ್ಲಿಂಗ್ ಕೊಟ್ಟು ಎತ್ತರದ ಟೊಪ್ಪಿ ಕೊಂಡುದಾಯಿತು. ಸಿರಿವಂತರ ದರ್ಜಿಗಳಿರುವ ಬಾಂಡ್ ಬೀದಿಯಲ್ಲಿ 10 ಪೌಂಡಿನ ಸಂಜೆಯ ಉಡುಪು ಹೊಲಿಸಿದುದಾಯಿತು. ಊರಿನಲ್ಲಿದ್ದ ಅಣ್ಣನಿಂದ ಚಿನ್ನದ ಎರಡೆಳೆಯ ಗಡಿಯಾರ ಸರಪಳಿ ತರಿಸಿಕೊಂಡುದೂ ಆಯಿತು. ದಿನವೂ ನಿಲುಗನ್ನಡಿಯ ಮುಂದೆ ಹತ್ತು ನಿಮಿಷ ನಿಂತು ಕೊರಳಪಟ್ಟಿ ಬಿಗಿದು ಬೈತಲೆ ತೀಡಿಕೊಳ್ಳುವುದು ಒಂದು ನಿತ್ಯಕರ್ಮವಾಯಿತು. ನೃತ್ಯ, ಪಿಟೀಲು, ಭಾಷಣಕಲೆ ಇವುಗಳ ಪಾಠಕ್ಕೂ ಹಣ ಸುರಿದುದುಂಟು.

ಈ ಮೋಹ ಮೂರು ತಿಂಗಳಲ್ಲಿ ಇಳಿಯಿತು. ಇಳಿಸಿದುದು ವೇದಾಂತವಲ್ಲ, ಲೆಕ್ಕದ ಪುಸ್ತಕ. ಪ್ರತಿಯೊಂದು ಕಾಸಿನ ವೆಚ್ಚವನ್ನೂ ಬರೆದು, ಮಲಗುವ ಮೊದಲು ಕೂಡಿ ನೋಡುವ ಅಭ್ಯಾಸವನ್ನು ಆತ ಹಿಡಿದ. ಅಣ್ಣ ಕಷ್ಟಪಟ್ಟು ಕಳುಹಿಸುವ ಹಣ ಎಲ್ಲಿ ಹೋಗುತ್ತಿದೆ ಎಂಬುದು ಕಣ್ಣಿಗೆ ಬಿದ್ದಿತು. ಎರಡು ಕೋಣೆಗಳ ಮನೆ ಒಂದು ಕೋಣೆಯದಾಯಿತು. ಗಾಡಿಯ ಸವಾರಿ ಕಾಲ್ನಡಿಗೆಯಾಯಿತು. ಉಡುಪಿನ ಒಪ್ಪ ಓರಣ ಮಾತ್ರ ಮತ್ತೂ ಅನೇಕ ವರ್ಷ ಬಿಡಲಿಲ್ಲವೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಊಟ ವಸತಿಗಳನ್ನು ತಿದ್ದಿಕೊಂಡಷ್ಟು ಸುಲಭವಾಗಿ ಉಡುಪನ್ನು ತಿದ್ದಿಕೊಳ್ಳಲಾಗದು. ಉಡುಪೆಂಬುದು ಪರರ ಕಣ್ಣಿಗಾಗಿ ತೊಡುವಂಥದು.

ಆ ಪರರ ಕಣ್ಣಿನ ಬಲ ಎಷ್ಟೆಂಬುದಕ್ಕೆ 1896ರ ಕೊನೆಯ ಸಮುದ್ರಯಾನ ಒಂದು ನಿದರ್ಶನ. ದಕ್ಷಿಣ ಆಫ್ರಿಕದಲ್ಲಿ ವಕೀಲರಾಗಿ ನೆಲೆನಿಂತ ಗಾಂಧಿಯವರು ಮಡದಿ ಮಕ್ಕಳನ್ನು ಡರ್ಬಾನಿಗೆ ಕರೆದೊಯ್ಯುವಾಗ ಅವರ ವೇಷವನ್ನು ತಾವೇ ನಿಶ್ಚಯಿಸಿದರು. ಹಿಂದೂದೇಶದವರಲ್ಲಿ ಪಾರಸಿಗಳು ನಾಗರಿಕರೆನಿಸಿದ್ದ ಕಾಲ ಅದು. ಕಸ್ತೂರಬಾ ಅವರಿಗೆ ಪಾರಸಿ ರೀತಿಯ ಸೀರೆ, ಹುಡುಗರಿಗೆ ಪಾರಸಿ ಕೋಟು ಷರಾಯಿ, ಎಲ್ಲರಿಗೂ ಬೂಟು ಕಾಲುಚೀಲ. ಬೂಟಿನಿಂದ ಬೆರಳುಗಳು ನೊಂದವು, ಕಾಲುಚೀಲಗಳು ಬೆವರಿನಿಂದ ನಾರಿದವು. ಗೃಹಸ್ಥನ ಅಧಿಕಾರದ ಮುಂದೆ ಸಂಸಾರ ಸುಮ್ಮನೆ ತಲೆಬಾಗಿತು. ಮುಂದೆ ಈ ವೇಷವೆಲ್ಲ ಕಳಚಿಬಿದ್ದಾಗ ಎಲ್ಲರಿಗೂ ಹೊರೆಯಿಳಿದಂತಾಯಿತು. ಕಡಿಮೆ ಬಟ್ಟೆಯ ಸುಖವನ್ನು ಆ ಮನೆಯಲ್ಲಿ ಮೊದಲು ಬಲ್ಲವರು ಬ್ಯಾರಿಸ್ಟರರಲ್ಲ, ಅವರ ಮಕ್ಕಳು ಎನ್ನಬೇಕು.

ಬಟ್ಟೆಯೊಡನೆ ಗಾಂಧಿಯವರ ನಿಜವಾದ ಪರಿಚಯವಾದುದು ಒಗೆಯುವ ಕಲ್ಲಿನ ಬಳಿ. ಅಗಸನ ಲೆಕ್ಕ ಭಾರವಾಗಿತ್ತು. ಬಟ್ಟೆ ಹೊತ್ತಿಗೆ ಬಾರದ್ದರಿಂದ ಎರಡು ಮೂರು ಡಜನ್ ಅಂಗಿ, ಕೊರಳಪಟ್ಟಿಗಳನ್ನು ಇಟ್ಟುಕೊಂಡರೂ ಸಾಲುತ್ತಿರಲಿಲ್ಲ. ಅವರು ಅಗಸವಿದ್ಯೆಯ ಪುಸ್ತಕವೊಂದನ್ನು ಕೊಂಡು ಓದಿ, ಒಗೆಯುವುದನ್ನು ಕಲಿತು, ಮಡದಿಗೂ ಕಲಿಸಿದರು. ಮೊದಲು ಇಸ್ತ್ರಿ ಮಾಡಿದ ಕೊರಳಪಟ್ಟಿಗೆ ಗಂಜಿ ಹೆಚ್ಚಾಗಿ, ಕಾವು ಕಡಿಮೆಯಾಗಿ, ನ್ಯಾಯಾಲಯದಲ್ಲಿ ಅದು ಉದುರತೊಡಗಿತು. ಜೊತೆಯ ಬ್ಯಾರಿಸ್ಟರರು ನಕ್ಕರು. ನಗುವಿಗೆ ಕಾರಣವಾದೆನಲ್ಲಾ ಎಂದು ಇವರೂ ಸಂತೋಷಪಟ್ಟರು. ಲಂಡನ್ನಿನ ಬಂದರಿನಲ್ಲಿ ಬಿಳಿಯ ಬಟ್ಟೆಗೆ ನಾಚಿದ್ದ ಮನುಷ್ಯ ಇಲ್ಲಿ ನಾಚಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ತನ್ನ ಕೈಯಿಂದ ಒಗೆದ ಬಟ್ಟೆ ನಾಚಿಕೆಗೆ ಎಡೆಯಿಲ್ಲದಂತೆ ಮಾಡುತ್ತದೆ. ಅಷ್ಟೇ ಅಲ್ಲ, ಒಗೆಯುವವನು ತಾನೇ ಆದಾಗ ಎಷ್ಟು ಬಟ್ಟೆ ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಈ ಕೌಶಲ ಒಂದು ಮಂಗಳ ಸಂದರ್ಭದಲ್ಲಿ ಸಾರ್ಥಕವಾಯಿತು. 1912ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ದಕ್ಷಿಣ ಆಫ್ರಿಕಕ್ಕೆ ಬಂದಿದ್ದರು. ಅವರ ಬಳಿ ಮಹಾದೇವ ಗೋವಿಂದ ರಾನಡೆಯವರು ಉಡುಗೊರೆಯಾಗಿತ್ತ ಒಂದು ಉತ್ತರೀಯವಿತ್ತು. ಅದನ್ನು ಕಣ್ಣಿನಂತೆ ಕಾಪಾಡಿ, ವಿಶೇಷ ದಿನಗಳಲ್ಲಿ ಮಾತ್ರ ಹೊದೆಯುತ್ತಿದ್ದರು. ಜೋಹಾನ್ಸ್‌ಬರ್ಗಿನ ಔತಣದ ದಿನ ಅದು ಮುದುರಿಹೋಗಿತ್ತು. ಅಗಸನಿಗೆ ಕಳುಹಿಸಲು ಹೊತ್ತಿಲ್ಲ. ಗಾಂಧಿಯವರು ತಾವೇ ಇಸ್ತ್ರಿ ಮಾಡಿಕೊಡುವೆನೆಂದರು. ಶಿಷ್ಯನ ವಕೀಲಿಕೆಯನ್ನು ನಂಬಿದ್ದ ಗೋಖಲೆಯವರು ಆತನ ಅಗಸವಿದ್ಯೆಯನ್ನು ನಂಬಲು ಹಿಂಜರಿದರು. ಕೊನೆಗೆ ಒಪ್ಪಿ, ಉತ್ತರೀಯ ಹಸನಾಗಿ ಬಂದಾಗ ಮೆಚ್ಚಿದರು. ಸರಳತೆಯೆಂದರೆ ವಸ್ತ್ರವನ್ನು ತಿರಸ್ಕರಿಸುವುದೆಂದು ಬಗೆದವರಿಗೆ ಈ ಕಥೆ ಉತ್ತರವಾದೀತು. ಇದ್ದುದೊಂದೇ ಉತ್ತರೀಯ, ಆದುದರಿಂದಲೇ ಅದರಲ್ಲಿ ರಾನಡೆಯವರ ನೆನಪು ಉಳಿದಿತ್ತು. ನೂರು ಉತ್ತರೀಯಗಳ ನಡುವೆ ಅಂಥ ನೆನಪು ನಿಲ್ಲಲಾರದು.

ಈ ಮಧ್ಯೆ ಉಡುಪೂ ಇಳಿಯುತ್ತಲೇ ಇತ್ತು. 1910ರಲ್ಲಿ ನೆಲೆಯಾದ ಟಾಲ್ಸ್‌ಟಾಯ್ ಆಶ್ರಮದಲ್ಲಿ ಎಲ್ಲರೂ ಕೂಲಿಗಾರರ ಒರಟು ನೀಲಿ ಬಟ್ಟೆಯ ಅಂಗಿ ಷರಾಯಿಗಳನ್ನು ತೊಟ್ಟರು. ಚಪ್ಪಲಿಗಳನ್ನು ತಾವೇ ಹೊಲಿದರು. 1913ರ ಸತ್ಯಾಗ್ರಹದಲ್ಲಿ ಕರಾರಿನ ಕೂಲಿಗಳ ಮೇಲೆ ಗುಂಡು ಹಾರಿ ಕೆಲವರು ಮಡಿದಾಗ, ಸೆರೆಯಿಂದ ಹೊರಬಂದ ಗಾಂಧಿಯವರು ಐರೋಪ್ಯ ಉಡುಪನ್ನು ಬಿಟ್ಟು, ತಲೆ ಬೋಳಿಸಿ, ಆ ಕೂಲಿಗಳಂತೆಯೇ ಲುಂಗಿ ಅಂಗಿ ಧರಿಸಿದರು. ಅದು ಸೂತಕದ ವೇಷ. ಸತ್ತವರಿಗಾಗಿ ತೊಟ್ಟದ್ದು.

1915ರ ಜನವರಿ 9ರಂದು ಮುಂಬಯಿಯಲ್ಲಿ ಇಳಿದಾಗ ಅವರು ಕಾಠಿಯಾವಾಡದ ಗೃಹಸ್ಥರಂತೆ ಮುಂಡಾಸು, ನಿಲುವಂಗಿ, ಉತ್ತರೀಯಗಳಿಂದ ಶೋಭಿಸುತ್ತಿದ್ದರು. ಆದರೆ ರೈಲಿನ ಮೂರನೆಯ ದರ್ಜೆಯಲ್ಲಿ ಹೊರಟ ಕೂಡಲೇ ನಿಲುವಂಗಿಯೂ ಉತ್ತರೀಯವೂ ಅಡಚಣೆಯೆಂದು ತೋರಿ, ಅವನ್ನು ಬಿಟ್ಟು, ಎಂಟು ಹತ್ತು ಆಣೆಯ ಕಾಶ್ಮೀರಿ ಟೊಪ್ಪಿಯೊಂದನ್ನು ಕೊಂಡರು. ತಾನು ಯಾರ ನಡುವೆ ಕುಳಿತುಕೊಳ್ಳಬೇಕಾಗಿದೆ ಎಂಬುದು ಅಂದಿನಿಂದ ಅವರ ಉಡುಪಿನ ಅಳತೆಗೋಲಾಯಿತು.

ಆ ಅಳತೆಗೋಲು ಕಠಿನವಾದುದು 1917ರಲ್ಲಿ, ಬಿಹಾರದ ಚಂಪಾರಣದಲ್ಲಿ. ನೀಲಿ ತೋಟಗಳ ರೈತರ ವಿಚಾರಣೆಗೆಂದು ಹೋದವರು ಹಳ್ಳಿಗಳಲ್ಲಿ ಶಾಲೆ, ಚೊಕ್ಕಟ, ಔಷಧಗಳ ಕೆಲಸವನ್ನೂ ಕೈಗೊಂಡಿದ್ದರು. ಭಿತಿಹರವಾದ ಬಳಿಯ ಸಣ್ಣ ಹಳ್ಳಿಯೊಂದರಲ್ಲಿ ಹೆಂಗಸರ ಬಟ್ಟೆ ಬಹಳ ಕೊಳೆಯಾಗಿರುವುದನ್ನು ಕಂಡು, ಒಗೆದು ಉಡಬಾರದೇಕೆಂದು ಕೇಳಿ ಬರಲು ಕಸ್ತೂರಬಾ ಅವರನ್ನು ಕಳುಹಿಸಿದರು. ಒಬ್ಬ ಹೆಂಗಸು ಬಾ ಅವರನ್ನು ತನ್ನ ಗುಡಿಸಲಿನೊಳಕ್ಕೆ ಕರೆದೊಯ್ದಳು. ಅಲ್ಲಿ ಪೆಟ್ಟಿಗೆಯಿಲ್ಲ, ಕಪಾಟಿಲ್ಲ. ಉಟ್ಟ ಸೀರೆಯೊಂದೇ ಅವಳಿಗಿದ್ದ ಸೀರೆ. ಅದನ್ನು ಒಗೆಯಬೇಕಾದರೆ ಉಡುವುದೇನನ್ನು? ಮಹಾತ್ಮರಿಂದ ಇನ್ನೊಂದು ಸೀರೆ ಕೊಡಿಸಿದರೆ ದಿನವೂ ಮಿಂದು ಮಡಿಯುಡುವೆನೆಂದು ಅವಳು ತಿಳಿಸಿದಳು. ಅಂಥ ಗುಡಿಸಲುಗಳು ಹಿಂದೂದೇಶದಲ್ಲಿ ಅಸಂಖ್ಯವೆಂಬುದನ್ನು ಗಾಂಧೀಜಿ ಮರೆಯಲಿಲ್ಲ. ಕಡಿಮೆ ಬಟ್ಟೆಯಲ್ಲಿ ಎರಡು ಬಗೆಯುಂಟು: ಆಯ್ದುಕೊಂಡದ್ದು ಒಂದು, ಹೇರಿದ್ದು ಒಂದು. ಎರಡನೆಯದನ್ನು ಕಾಣದೆ ಮೊದಲನೆಯದನ್ನು ಹೊಗಳುವವರ ಮಾತಿನಲ್ಲಿ ಸಾರವಿಲ್ಲ.

ಆಮೇಲೆ ಬಂತು ಖಾದಿ. ಕೈನೂಲಿಗಾಗಿ ಗಾಂಧೀಜಿ ಹುಡುಕಾಡುತ್ತಿದ್ದಾಗ ಗಂಗಾಬೆಹನ್ ಮಜ್ಮುದಾರ್ ಎಂಬ ಧೀರ ವಿಧವೆ ಬರೋಡಾ ಸಂಸ್ಥಾನದ ವಿಜಾಪುರದಲ್ಲಿ, ಅಟ್ಟ ಸೇರಿದ್ದ ರಾಟೆಗಳನ್ನು ಪತ್ತೆಹಚ್ಚಿದರು. ಹಂಜಿಯೊದಗಿಸಿ, ನೂಲಿಸಿ, ನೇಯಿಸಿದಾಗ ಆಶ್ರಮದ ಮೊದಲ ಖಾದಿಗೆ ಗಜಕ್ಕೆ 17 ಆಣೆ ಬೆಲೆ ಬಿದ್ದಿತು. ಎಂದರೆ ರೂಪಾಯಿಗೂ ಒಂದಾಣೆ ಹೆಚ್ಚು. ಅಗಲ 30 ಅಂಗುಲ ಮಾತ್ರ. ಒಂದು ತಿಂಗಳಲ್ಲಿ 45 ಅಂಗುಲ ಅಗಲದ ಪಂಚೆ ಸಿಗದಿದ್ದರೆ ಗಿಡ್ಡ ಖಾದಿಯನ್ನೇ ಉಡುವೆನೆಂದು ಗಾಂಧೀಜಿ ಗಂಗಾಬೆಹನರಿಗೆ ಎಚ್ಚರಿಕೆಯಿತ್ತರು. ಆಕೆ ತಿಂಗಳೊಳಗೆ ನೇಯಿಸಿಕೊಟ್ಟು ಅವರನ್ನು ಪಾರುಮಾಡಿದರು. ಪಾರುಮಾಡಿದುದು ಕೆಲವು ಕಾಲಕ್ಕೆ ಮಾತ್ರ.

1921ರ ಜುಲೈ 31ರಂದು ಮುಂಬಯಿಯ ಪರೇಲಿನಲ್ಲಿ ವಿದೇಶೀ ವಸ್ತ್ರಗಳ ದೊಡ್ಡ ರಾಶಿಗೆ ಗಾಂಧೀಜಿ ಬೆಂಕಿಯಿಟ್ಟರು. ಅವರ ಮಿತ್ರ ಚಾರ್ಲ್ಸ್ ಆಂಡ್ರೂಸರಿಗೆ ಇದು ನೋವುಂಟುಮಾಡಿತು. ರವೀಂದ್ರನಾಥ ಠಾಕೂರರೂ ವಿರೋಧಿಸಿದರು. ಸುಡುವ ಬಟ್ಟೆಯ ಮೇಲೆ ಬಟ್ಟೆಯಿಲ್ಲದವರ ಹಕ್ಕಿದೆಯೆಂಬುದು ಕವಿಗಳ ವಾದದ ಸಾರ. ನಾವು ತೊಡಲು ತಕ್ಕದ್ದಲ್ಲವೆಂದು ಬಿಟ್ಟುದನ್ನು ಬಡವರಿಗೆ ಕೊಡುವುದು ಅವರ ಮಾನಕ್ಕೆ ಕುಂದೆಂಬುದು ಗಾಂಧೀಜಿಯ ಪಕ್ಷ. ಈ ಚರ್ಚೆಯಲ್ಲಿ ಯಾರು ಸರಿ ಎಂದು ಹೇಳುವುದು ಸುಲಭವಲ್ಲ. ನನ್ನ ಮನಸ್ಸು ಬೆಂಕಿಯ ವಿಷಯದಲ್ಲಿ ಠಾಕೂರರ ಕಡೆಗೇ ವಾಲುತ್ತದೆ. ಆದರೆ ಹೊಸತಕ್ಕೆ ಜಾಗ ಮಾಡುವುದಕ್ಕಾಗಿ ಹಳೆಯದನ್ನು ದಾನವೆಂಬ ಹೆಸರಿನಿಂದ ಸಾಗಿಸುವ ನಮ್ಮ ಕಾಲದ ಪದ್ಧತಿಗೆ ಗಾಂಧೀಜಿಯ ಉತ್ತರ ಈಗಲೂ ಚುಚ್ಚುವಂತಿದೆ.

ಆ ವರ್ಷವೇ ಬಂಗಾಳದ ಖುಲ್ನಾದಲ್ಲಿ ಕ್ಷಾಮ. ಅನ್ನ ವಸ್ತ್ರಗಳಿಲ್ಲದೆ ಜನ ನರಳುತ್ತಿರುವಾಗ ತಾನು ಬಟ್ಟೆ ಸುಡುತ್ತಿರುವೆನೆಂಬ ಕಳವಳ ಗಾಂಧೀಜಿಯನ್ನು ಕಾಡಿತು. ಆಗಲೇ ಅಂಗಿಯನ್ನು ಬಿಡುವ ಯೋಚನೆ ಬಂದು ಹೋಗಿತ್ತು. ಸೆಪ್ಟೆಂಬರಿನಲ್ಲಿ ವಾಲ್ಟೇರಿನ ನಿಲ್ದಾಣದಲ್ಲಿ ಮೌಲಾನಾ ಮಹಮ್ಮದಾಲಿಯವರ ಬಂಧನವಾದಾಗ ಮತ್ತೊಮ್ಮೆ ಬಂತು. ಮದರಾಸಿನಿಂದ ಮಧುರೆಗೆ ಹೋಗುವ ರೈಲಿನಲ್ಲಿ, ನಡೆದ ಸಂಗತಿಗಳ ಪರಿವೆಯಿಲ್ಲದೆ ವಿದೇಶೀ ಬಟ್ಟೆ ತೊಟ್ಟು ಕುಳಿತಿದ್ದ ಜನರೊಡನೆ ಅವರು ಖಾದಿಯ ಮಾತೆತ್ತಿದರು. ಖಾದಿ ಕೊಳ್ಳುವಷ್ಟು ಹಣ ನಮ್ಮಲ್ಲಿಲ್ಲ, ಅದು ತುಟ್ಟಿ ಎಂಬ ಉತ್ತರ ಬಂತು. ಆ ಉತ್ತರದಲ್ಲಿ ಸುಳ್ಳಿರಲಿಲ್ಲ. ಅಂಗಿ, ಟೊಪ್ಪಿ, ಉದ್ದ ಪಂಚೆ ತೊಟ್ಟುಕೊಂಡು ಅದಕ್ಕೆ ಮರುನುಡಿಯುವುದು ಹೇಗೆ? ತುಟ್ಟಿಯಾದರೆ ಕಡಿಮೆ ಕೊಳ್ಳಿ ಎಂದು ಹೇಳುವ ಅಧಿಕಾರ, ತಾನೇ ಎಲ್ಲರಿಗಿಂತ ಕಡಿಮೆ ಉಟ್ಟವನಿಗೆ ಮಾತ್ರ ಉಂಟು. 1921ರ ಸೆಪ್ಟೆಂಬರ್ 22ರಂದು ಮಧುರೆಯ ಪಶ್ಚಿಮ ಮಾಸಿ ಬೀದಿಯ ಮನೆಯೊಂದರಲ್ಲಿ ಗಾಂಧೀಜಿ ಅಂಗಿಯನ್ನೂ ಟೊಪ್ಪಿಯನ್ನೂ ಬಿಟ್ಟು ತುಂಡು ಪಂಚೆಯುಟ್ಟರು.

ಇದರಲ್ಲಿ ಒಂದು ಲೆಕ್ಕಾಚಾರವಿದೆ. ಕೈಯಿಂದ ನೂತು ನೇಯ್ದ ಬಟ್ಟೆಗೆ ಗಿರಣಿಯ ಬಟ್ಟೆಗಿಂತ ಹೆಚ್ಚು ಬೆಲೆ ಬೀಳದೆ ವಿಧಿಯಿಲ್ಲ. ದುಡಿದ ಕೈಗಳಿಗೆ ಕೂಲಿ ಸಲ್ಲಬೇಕಷ್ಟೆ. ಕೊಳ್ಳುವವನ ಹಣ ಬೆಳೆಯದು. ಹಾಗಾದರೆ ಉಳಿದ ದಾರಿ ಒಂದೇ: ಗಜಗಳನ್ನು ಇಳಿಸುವುದು. ಆ ವ್ರತಕ್ಕೆ ಅವರು ಮೊದಲು ಇಟ್ಟ ಅವಧಿ ಅಕ್ಟೋಬರ್ 31ರ ತನಕ ಮಾತ್ರ. ಜೊತೆಯ ಕೆಲಸಗಾರರು ತನ್ನಂತೆ ಮಾಡಬೇಕೆಂದೂ ಅವರು ಅಪೇಕ್ಷಿಸಲಿಲ್ಲ. ಅವಧಿ ಮುಗಿದರೂ ಅಂಗಿ ಮರಳಿ ಬರಲಿಲ್ಲ.

ಮಂಗಳೂರಿಗೆ ಎರಡನೆಯ ಸಲ ಬಂದವರು ಈ ಗಾಂಧೀಜಿ. ಅವರು ಇಲ್ಲಿದ್ದಾಗಲೇ ವೈಸರಾಯ್ ಇರ್ವಿನ್ನರ ಕರೆ ಬಂದು, ಮುಂದಿನ ಪ್ರವಾಸವನ್ನು ನಿಲ್ಲಿಸಿ ದಿಲ್ಲಿಗೆ ಹೋಗಬೇಕಾಯಿತು. ನಮ್ಮೂರಿನ ಜನ ಕಂಡ ತುಂಡು ಪಂಚೆಯೇ ವೈಸರಾಯರ ಅರಮನೆಯನ್ನೂ ಹೊಕ್ಕಿತು. 1931ರಲ್ಲಿ ಅದೇ ಪಂಚೆ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಐದನೆಯ ಜಾರ್ಜ್ ದೊರೆಯ ಚಹಾಕೂಟಕ್ಕೂ ಹೋಯಿತು. ಆ ಪ್ರವಾಸದಲ್ಲಿಯೇ ಗಾಂಧೀಜಿ ಲ್ಯಾಂಕಷೈರಿಗೆ ಹೋಗಿ, ವಿದೇಶೀ ವಸ್ತ್ರ ಬಹಿಷ್ಕಾರದಿಂದಲೂ ಪೆಟ್ಟು ತಿಂದು ಕೆಲಸವಿಲ್ಲದಾಗಿದ್ದ ಗಿರಣಿ ಕೂಲಿಗಾರರನ್ನು ಕಂಡರು. ಅವರು ಇವರನ್ನು ಪ್ರೀತಿಯಿಂದಲೇ ಎದುರುಗೊಂಡರು. ಒಬ್ಬನು ಕೊಳ್ಳದ ಬಟ್ಟೆಯಿಂದ ಇನ್ನೊಬ್ಬನ ಮಗ್ಗ ನಿಲ್ಲುತ್ತದೆಂಬ ಸತ್ಯದಿಂದ ಗಾಂಧೀಜಿ ಮುಖ ತಿರುಗಿಸಲಿಲ್ಲ. ತಮ್ಮ ನಾಡಿನ ಹಸಿವು ಇನ್ನೂ ದೊಡ್ಡದೆಂಬುದನ್ನು ಅವರ ಮನೆಗೇ ಹೋಗಿ ತಿಳಿಸಿದರು.

ಮಗ್ಗದ ವಿಷಯ ಮಂಗಳೂರಿಗೆ ಹೊಸತಲ್ಲ. ಫಳ್ನೀರಿಗೆ ಸಮೀಪದ ಬಲ್ಮಠದಲ್ಲಿ ಬಾಸೆಲ್ ಮಿಷನಿನವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ನೇಯ್ಗೆಯ ಕಾರ್ಖಾನೆ ನಡೆಸಿ ಖಾಕಿ ಬಟ್ಟೆಗೆ ಹೆಸರಾಗಿದ್ದರು. ಹಾಗಾಗಿ ಬಟ್ಟೆಯ ಹಿಂದೆ ನೇಯುವವರ ಕೈಯಿದೆಯೆಂಬುದನ್ನು ಈ ಊರು ಕಣ್ಣಾರೆ ಕಂಡಿತ್ತು. ಗಾಂಧೀಜಿಯ ಮಾತನ್ನು ಬಾಳಿನಲ್ಲಿ ತಂದ ಕಾರ್ನಾಡ ಸದಾಶಿವರಾಯರೂ ಈ ಊರಿನವರೇ. 1881ರಲ್ಲಿ ಸಿರಿವಂತ ಮನೆತನದಲ್ಲಿ ಹುಟ್ಟಿ, ವಕೀಲಿಕೆ ಕಲಿತು, ಪತ್ನಿ ಶಾಂತಾಬಾಯಿಯವರೊಡನೆ 1911ರಲ್ಲಿ ಮಹಿಳಾ ಸಭೆಯನ್ನು ಸ್ಥಾಪಿಸಿದವರು. ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿಯುಟ್ಟು, ಸೆರೆಮನೆ ಕಂಡು, ಇದ್ದ ಐಶ್ವರ್ಯವನ್ನೆಲ್ಲ ದೇಶದ ಕೆಲಸಕ್ಕೆ ಸುರಿದು, 1937ರ ಜನವರಿಯಲ್ಲಿ ಬರಿಗೈಯವರಾಗಿ ಮುಂಬಯಿಯಲ್ಲಿ ತೀರಿಕೊಂಡವರು. ಶಿವರಾಮ ಕಾರಂತರ ‘ಔದಾರ್ಯದ ಉರುಳಲ್ಲಿ’ ಕಾದಂಬರಿಗೆ ಅವರ ಬಾಳೇ ಪ್ರೇರಣೆ. ಬೆಂಗಳೂರಿನ ಸದಾಶಿವನಗರಕ್ಕೆ ಅವರ ಹೆಸರಿದೆ. ಇಂದು ಅದು ಸಿರಿವಂತರ ಬಡಾವಣೆಯಾಗಿರುವುದು ಕಾಲದ ವಿನೋದ.

1948ರ ಜನವರಿ 30ರ ಸಂಜೆ ದಿಲ್ಲಿಯಲ್ಲಿ ಗಾಂಧೀಜಿ ಗುಂಡಿಗೆ ಬಲಿಯಾದರು. ಅವರು ಬಿಟ್ಟುಹೋದ ವಸ್ತುಗಳು ಒಂದು ಸಣ್ಣ ಮೇಜಿನ ಮೇಲೆ ಹಿಡಿಸುವಷ್ಟು: ಕನ್ನಡಕ, ಗಡಿಯಾರ, ಪಾದುಕೆ, ಊಟದ ಬಟ್ಟಲು, ಕೆಲವು ಪುಸ್ತಕಗಳು ಇಂಥವು.

ವಿದ್ಯಾರ್ಥಿಗಳಿಗೆ ಈ ಜೀವನವನ್ನು ಹೇಳಿಕೊಡುವಾಗ ನಾವು ಸಾಮಾನ್ಯವಾಗಿ ಕೊನೆಯ ಚಿತ್ರವನ್ನು ಮೊದಲು ತೋರಿಸುತ್ತೇವೆ. ತುಂಡು ಪಂಚೆಯ ಮಹಾತ್ಮನನ್ನು ಕಂಡ ಹುಡುಗ, ಇದು ತನ್ನಿಂದಾಗದ ಕೆಲಸವೆಂದು ನಿಶ್ಚಿಂತನಾಗುತ್ತಾನೆ. ಅದರ ಬದಲು ಹೆಜ್ಜೆಗಳನ್ನು ಅವು ಬಂದ ಕ್ರಮದಲ್ಲಿಯೇ ತೋರಿಸುವುದು ಒಳಿತು. ಮೊದಲು ಬಂದುದು ಲೆಕ್ಕ ಬರೆಯುವುದು, ಅನಂತರ ಒಗೆಯುವುದು, ಆಮೇಲೆ ಇಲ್ಲದವರ ಗುಡಿಸಲಿನೊಳಗೆ ನೋಡುವುದು, ಅದಾದ ಮೇಲೆ ನೂಲುವವರ ಕೂಲಿಯನ್ನು ಕೇಳುವುದು. ಬಿಡುವುದು ಇವೆಲ್ಲವುಗಳ ಕೊನೆಗೆ ಬಂತು. ಕಪಾಟನ್ನು ಒಂದು ಭಾನುವಾರ ಬರಿದುಮಾಡಿ ಇನ್ನೊಂದು ಭಾನುವಾರ ತುಂಬಿಕೊಳ್ಳುವವರಿಗೆ ಈ ಕ್ರಮ ನಿಧಾನವೆಂದು ತೋರಬಹುದು. ಆದರೆ ಅವರು ಬಿಟ್ಟ ಅಂಗಿ ಇಪ್ಪತ್ತಾರು ವರ್ಷ, ಕೊನೆಯ ಸಂಜೆಯ ತನಕ, ಮರಳಿ ಮೈಮೇಲೆ ಬರಲಿಲ್ಲ.